ಪಕ್ಕದ ಜಾಗ

ತಿರುವನಂತಪುರದ ತಂಪಾನೂರಿನಲ್ಲಿ ರೈಲು ಹತ್ತುತ್ತಲೇ ಶಾಂತಾ ಮಗಳ ಪಕ್ಕದ ಸೀಟಿನ ಮೇಲೆ ಕರ್ಚೀಫು ಹಾಕಿದಳು. ಟಿಕೆಟ್ಟಿನ ಪ್ರಕಾರ ಅದು ಅವಳದೇ ಸೀಟು. ಆದರೂ ಹಾಕಿದಳು, ಹಳೆಯ ಅಭ್ಯಾಸಕ್ಕೆ ಟಿಕೆಟ್ಟಿನ ಮೇಲೆ ನಂಬಿಕೆಯಿಲ್ಲ.

ಪಾವನಾಳಿಗೆ ಹುಟ್ಟಿನಿಂದ ಕೈಕಾಲು ಸ್ವಾಧೀನದಲ್ಲಿಲ್ಲ, ಮಾತು ತೊದಲು, ಬುದ್ಧಿ ಮಾತ್ರ ಚುರುಕು. ಗಂಡ ಹಯವದನನಿಗೆ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ ಸಿಕ್ಕಿ ಮೈಸೂರಿನಿಂದ ತಿರುವನಂತಪುರಕ್ಕೆ ಬಂದಾಗ ಶಾಂತಾ ಹಟ ಹಿಡಿದು ಮಗಳನ್ನು ಎಲ್ಲರ ಶಾಲೆಗೇ ಸೇರಿಸಿದಳು. ಪಕ್ಕದಲ್ಲಿ ದೊಡ್ಡವರೊಬ್ಬರು ಇದ್ದರೆ ಮಾತ್ರ ಎಂದರು ಶಾಲೆಯವರು. ಸರಿ, ತಾನೇ ಕೂತಳು. ಹತ್ತನೆಯ ತರಗತಿಯವರೆಗೂ ಕೂತಳು. ಅವಳು ಮಲಯಾಳಂ ಅಕ್ಷರ ಕಲಿತದ್ದೂ ಆ ಬೆಂಚಿನ ಮೇಲೆಯೇ. ಟೀಚರು ಹಾಜರಿ ಕರೆಯುವಾಗ ತಮಾಷೆಗೆ ಅವಳ ಹೆಸರನ್ನೂ ಕೂಗುತ್ತಿದ್ದರು. ಆ ಊರಿನಲ್ಲಿ ಅವಳಿಗೆ ಇದ್ದ ಒಬ್ಬಳೇ ಗೆಳತಿಯೆಂದರೆ ಮಗಳು.

ಆಮೇಲೆ ಗಂಡ ಹೆಂಡತಿ ಸೇರಿ ಒಂದು ಸಣ್ಣ ಟ್ರಸ್ಟ್ ಕಟ್ಟಿದರು. ಪಾವನಾಳಂಥ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸಿ, ಪ್ರತಿ ಮಗುವಿನ ಪಕ್ಕ ಒಬ್ಬ ಹೆಂಗಸನ್ನು ಕೂರಿಸುವುದು ಅದರ ಕೆಲಸ. ಆ ಹೆಂಗಸರಿಗೆ ಜೊತೆಯಮ್ಮ ಎಂದು ಹೆಸರಿಟ್ಟವಳು ಶಾಂತಾ. ಯಾವ ಮಗುವೂ ಒಂಟಿಯಾಗಿ ಕೂರಬಾರದು ಎಂದು ಪ್ರತಿ ಸಭೆಯಲ್ಲೂ ಹೇಳುತ್ತಿದ್ದಳು. ಹೋದ ವರ್ಷ ಹಯವದನ ತೀರಿಕೊಂಡ ಮೇಲೆ ಶಾಲೆಗಳನ್ನು ನೋಡಿ ಬರುವುದು ಪಾವನಾಳ ಪಾಲಿಗೆ ಬಂತು. ಇವತ್ತು ತಾಯಿ ಮಗಳು ರೈಲು ಹತ್ತಿದ್ದೂ ಅದಕ್ಕೇ.

ಕೊಚ್ಚಿಯಲ್ಲಿಳಿದು, ಮೆಟ್ರೊ ಹಿಡಿದು ಕಳಮಶ್ಶೇರಿಯ ಶಾಲೆ ಮುಟ್ಟಿದರೆ ಅಲ್ಲಿಯ ಜೊತೆಯಮ್ಮನಿಗೆ ಜ್ವರ, ಬಂದಿರಲಿಲ್ಲ. ನಾಲ್ಕನೆಯ ತರಗತಿಯ ಜೀವಿತಾ, ಕಾಲಿಗೆ ಪಟ್ಟಿ ಬಿಗಿದ ಹುಡುಗಿ, ಬೆಂಚಿನ ತುದಿಯಲ್ಲಿ ಒಬ್ಬಳೇ ಕೂತಿದ್ದಳು.  ಶಾಂತಾ ಸೆರಗು ಸಿಕ್ಕಿಸಿಕೊಂಡು ಹೋಗಿ ಆ ಪುಟ್ಟ ಬೆಂಚಿನ ಮೇಲೆ ಕೂರಲು ಬಾಗಿದಳು.

"ಅಮ್ಮೇ, ಅವಿಡೆ ಇರಿಕ್ಕಂಡ," ಎಂದಳು ಪಾವನಾ, ಬಾಗಿಲ ಬಳಿ ಗಾಲಿಕುರ್ಚಿಯಲ್ಲಿದ್ದವಳು. ಅಲ್ಲಿ ಕೂರಬೇಡ ಎಂದು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಯಾವಾಗಲೂ ಮಲಯಾಳಂನಲ್ಲೇ.

"ಯಾಕೆ ಪುಟ್ಟಿ? ಪಾಪ, ಒಬ್ಳೇ ಕೂತಿದಾಳೆ."

ಪಾವನಾ ಉಸಿರು ಒಟ್ಟುಮಾಡಿಕೊಂಡಳು. ಈ ಸಲ ಕನ್ನಡದಲ್ಲೇ, ಒಂದೊಂದೇ ಮಾತು ಎತ್ತಿಟ್ಟಳು. "ನೀನು ಕೂತಿದ್ದೆ ಅಮ್ಮ. ಬೇರೆ ಯಾರಿಗೂ ಜಾಗ ಇರಲಿಲ್ಲ."

ಶಾಂತಾ ಅರ್ಧ ಬಾಗಿದವಳು ಹಾಗೇ ನಿಂತಳು. ಸಿಟ್ಟು ಬಂತು. ಜೀವ ತೇದದ್ದು ಈ ಮಾತು ಕೇಳುವುದಕ್ಕೇ ಏನು? ಮರುಗಳಿಗೆ ನೆನಪಾಯಿತು: ಹುಟ್ಟುಹಬ್ಬಕ್ಕೆ ಚಾಕೊಲೇಟು ಹಂಚುತ್ತ ಬರುವ ಮಕ್ಕಳು ಎರಡನ್ನೂ ತನ್ನ ಕೈಗೇ ಕೊಡುತ್ತಿದ್ದರು. ಆಂಟಿಗೊಂದು, ಪಾವನಾಗೊಂದು. ಒಬ್ಬರೂ ಪಾವನಾಳ ಮುಖ ನೋಡಿ ಕೊಟ್ಟಿರಲಿಲ್ಲ. ತಾನೇ ಅಡ್ಡ ಕೂತಿದ್ದಳಲ್ಲ.

ಹಿಂದೆ ಹೋಗಿ ಗೋಡೆಗೆ ಒರಗಿದಳು. ಗಣಿತದ ಪಾಠ ಮುಗಿಯಿತು. ಜೀವಿತಾಳ ಪಕ್ಕ ಖಾಲಿಯೇ ಇತ್ತು. ಓಡಿಹೋಗಿ ಕೂತುಬಿಡೋಣ ಅನಿಸಿ ಕೈ ಕೈ ಹಿಸುಕಿಕೊಂಡಳು. ಊಟದ ಗಂಟೆಗೆ ಒಬ್ಬ ಹುಡುಗಿ ಡಬ್ಬಿ ಹಿಡಿದು ಬಂದು, ಕೂರಲೇ ಎಂಬಂತೆ ಶಾಂತಾಳತ್ತ ನೋಡಿದಳು. ಶಾಂತಾ ಮುಖ ಕಿಟಕಿಗೆ ತಿರುಗಿಸಿದಳು. ತಿರುಗಿ ನೋಡುವಷ್ಟರಲ್ಲಿ ಹುರಿದ ಮೀನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದಾಟಿತ್ತು.

ವಾಪಸು ರೈಲಿನಲ್ಲಿ ಜನ ಕಡಿಮೆ. ಕರ್ಚೀಫು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು, ಅದನ್ನು ಬ್ಯಾಗಿಗೆ ತುರುಕಿ, ಶಾಂತಾ ಆಚೆ ಸಾಲಿಗೆ ಹೋಗಿ ಕೂತಳು. ಆಲಪ್ಪುಳದಲ್ಲಿ ಹತ್ತಿದ ಕಾಲೇಜು ಹುಡುಗಿಯೊಬ್ಬಳು ಪಾವನಾಳ ಪಕ್ಕ ಕೂತಳು. ಕಾಯಂಕುಳಂ ದಾಟುವ ಹೊತ್ತಿಗೆ ಇಬ್ಬರೂ ಏನಕ್ಕೋ ನಗುತ್ತಿದ್ದರು. ರೈಲಿನ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಮಗಳು ತಲೆ ಹಿಂದಕ್ಕೆ ಚೆಲ್ಲಿ ಹೀಗೂ ನಗುತ್ತಾಳೆಂದು ಶಾಂತಾಳಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ನೋಡಿದಿರಾ ಎಂದು ಗಂಡನಿಗೆ ಹೇಳಲು ಪಕ್ಕಕ್ಕೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ.