ಬ್ರೆಡ್ಡಿನ ಗಿಣ್ಣು

"ಹೆಣ್ಣು ಕಣ್ರವ್ವಾ, ಹೆಣ್ಣು!"

ಕೊಟ್ಟಿಗೆಯಿಂದ ಕೆಲಸದ ಓಬಮ್ಮ ಕೂಗಿದ್ದೇ ತಡ, ತೀರ್ಥಮ್ಮ ಕೈಯಲ್ಲಿದ್ದ ಮೊರವನ್ನು ಅಲ್ಲೇ ಎಸೆದು ಹಿತ್ತಲಿಗೆ ಓಡಿದಳು. ಮಂಡಿನೋವು ಎಂದು ಬೆಳಗಿನಿಂದ ಮುಲುಗುತ್ತಿದ್ದ ಹೆಂಗಸು ಮೆಟ್ಟಿಲನ್ನು ಹೇಗೆ ಇಳಿದಳೋ ಆ ಶಿವನಿಗೇ ಗೊತ್ತು. ಎಮ್ಮೆ ಹೆಣ್ಣು ಕರು ಹಾಕಿತ್ತು. ತೀರ್ಥಮ್ಮ ಕರುವಿನ ಮೈ ಸವರಿ, ಎಮ್ಮೆಯ ಹಣೆಗೆ ವಿಭೂತಿ ಹಚ್ಚಿ, ಒಳಗೆ ಬಂದು ಗೂಡಿನಲ್ಲಿದ್ದ ಸಕ್ಕರೆ ಡಬ್ಬಿ ತೆಗೆದಳು. ಓಬಮ್ಮನ ಸೆರಗಿಗೆ ಒಂದು ಹಿಡಿ ಹಾಕಿ ತನ್ನ ಬಾಯಿಗೂ ಒಂದು ಚಿಟಿಕೆ ಹಾಕಿಕೊಂಡಳು.

"ಮನೆ ಬೆಳಗ್ತು ಕಣೇ ಓಬಮ್ಮ. ಲಕ್ಷ್ಮಿ ಬಂದ್ಳು."

ನಡುಮನೆಯ ಕಂಬಕ್ಕೆ ಒರಗಿ ಕೂತು ಕೂಸಿಗೆ ಹಾಲು ಕೊಡುತ್ತಿದ್ದ ಮಲ್ಲಿಕಾಂಬನ ಮೈ ಉರಿದುಹೋಯಿತು. ಉರಿಯದೆ ಇನ್ನೇನು? ಸೊಸೆಯಾಗಿ ಈ ಮನೆಗೆ ಬಂದ ಮೇಲೆ ಅವಳು ಮೂರು ಹೆತ್ತಿದ್ದಳು. ಉಮಾ ಹುಟ್ಟಿದಾಗ ಈ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ, ಸುಧಾ ಹುಟ್ಟಿದಾಗ ತೆಗೆಯಲಿಲ್ಲ. ಎರಡು ತಿಂಗಳ ಹಿಂದೆ ಈ ಕೂಸು ತರೀಕೆರೆಯ ಆಸ್ಪತ್ರೆಯಲ್ಲಿ ಹುಟ್ಟಿದಾಗಲಂತೂ ಅಜ್ಜಿ ಎನ್ನಿಸಿಕೊಂಡವಳು ಮುಖ ನೋಡುವುದಕ್ಕೂ ಬಸ್ಸು ಹತ್ತಲಿಲ್ಲ. ಎಮ್ಮೆ ಹೆತ್ತರೆ ಸಕ್ಕರೆ, ಸೊಸೆ ಹೆತ್ತರೆ ಬ್ರೆಡ್ಡು!

ಅಜ್ಜಂಪುರದಲ್ಲಿ ಬ್ರೆಡ್ಡು ಎಂದರೆ ತಿಂಡಿಯಲ್ಲ, ಕಾಯಿಲೆ. ಯಾರಾದರೂ ಕಂಕುಳಲ್ಲಿ ಬ್ರೆಡ್ಡು ಇಟ್ಟುಕೊಂಡು ಬೀದಿಯಲ್ಲಿ ಹೋದರೆ ಎದುರಿಗೆ ಬಂದವರು "ಯಾರಿಗೆ ಹುಷಾರಿಲ್ಲ?" ಎಂದೇ ಕೇಳುವುದು. ಬಾಣಂತಿಯನ್ನು ನೋಡಲು ಬರುವವರು ಕೊಬ್ಬರಿ, ಬೆಲ್ಲ, ಖರ್ಜೂರ ತರುತ್ತಾರೆ. ಮಲ್ಲಿಕಾಂಬನನ್ನು ನೋಡಲು ಬಂದವರೆಲ್ಲ ಬ್ರೆಡ್ಡು ತಂದರು. ಹೆರಿಗೆಯ ಬೆನ್ನಿಗೇ ಆಪರೇಷನ್ ಆಗಿ ಇನ್ನು ಮಕ್ಕಳಾಗುವುದಿಲ್ಲ ಎಂಬ ಸುದ್ದಿ ಅವಳಿಗಿಂತ ಮುಂಚೆ ಊರು ಸೇರಿತ್ತು. ಹಾಗಾಗಿ ಅವಳು ಬಾಣಂತಿಯಲ್ಲ, ರೋಗಿ. ಎದುರುಮನೆಯ ವಿಮಲಮ್ಮ ಬಂದು ತೊಟ್ಟಿಲ ಪಕ್ಕ ಬ್ರೆಡ್ಡು ಇಟ್ಟು, ಕೂಸಿನ ಕಡೆ ಕಣ್ಣೂ ಹಾಯಿಸದೆ, "ಹೋಗ್ಲಿ ಬಿಡವ್ವ, ಏನ್ ಮಾಡಕ್ಕಾಯ್ತದೆ. ಒಂದು ಗಂಡಾದ ಮೇಲಾದ್ರೂ ಮಾಡಿಸ್ಕೊಂಡಿದ್ರೆ ಆಗ್ತಿತ್ತು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಿದ್ದಳು. ಸತ್ತ ಮನೆಗೆ ಬಂದವರೂ ಇಷ್ಟು ಹೊತ್ತು ಕೂರುವುದಿಲ್ಲ.

"ರೋಗಿ ಮುಂದೆ ಇಟ್ಟಿದ್ದನ್ನ ಮನೆಯವ್ರು ತಿನ್ಬಾರ್ದು, ಎಮ್ಮೆಗೆ ಹಾಕು" ಎಂದು ತೀರ್ಥಮ್ಮ ಅಂದಿದ್ದಳು. ಮಲ್ಲಿಕಾಂಬ ಹಾಕಲಿಲ್ಲ. ಹೋಳುಗಳನ್ನು ಬಿಡಿಸಿ, ಸಂಡಿಗೆ ಒಣಗಿಸುವ ಹಾಗೆ ಬಿಸಿಲಿನಲ್ಲಿ ಒಣಗಿಸಿ ಡಬ್ಬಕ್ಕೆ ತುಂಬಿದಳು. ಒಂದು ಡಬ್ಬ ತುಂಬಿತು, ಇನ್ನೊಂದಕ್ಕೆ ಕೈಹಾಕಿದಳು. ಆಸ್ಪತ್ರೆಯಲ್ಲಿ ಮಂಗಳೂರು ಕಡೆಯ ನರ್ಸಮ್ಮ ಒಬ್ಬಳು, ಮಂಚದ ಕೆಳಗಿದ್ದ ಬ್ರೆಡ್ಡಿನ ರಾಶಿ ನೋಡಿ ನಕ್ಕಿದ್ದಳು. "ಇಷ್ಟೆಲ್ಲ ಹಾಳು ಮಾಡ್ತೀರಲ್ಲ ಮಾರಾಯ್ತಿ! ಹಾಲು ಸಕ್ಕರೆ ಮೊಟ್ಟೆ ಹೊಯ್ದು, ಮೇಲೊಂದಿಷ್ಟು ಕೆಂಡ, ಕೆಳಗೊಂದಿಷ್ಟು ಕೆಂಡ ಇಟ್ಟು ಬೇಯಿಸಿದ್ರೆ ಪುಡ್ಡಿಂಗ್ ಆಗ್ತದೆ. ಮನಸ್ಸಿಗೆ ಹಿತ ಅದು." ಮೊಟ್ಟೆ ಎಂದ ಕೂಡಲೇ ಮಲ್ಲಿಕಾಂಬ ಕಿವಿ ಮುಚ್ಚಿಕೊಂಡಿದ್ದಳು. ಲಿಂಗ ಕಟ್ಟಿದ ಮನೆಯವರು, ಆ ಮಾತನ್ನು ಕೇಳುವುದುಂಟೇ? ಮೊಟ್ಟೆಯಿಲ್ಲದಿದ್ದರೆ ಹಾಲು ಗಟ್ಟಿಯಾಗಿ ನಿಲ್ಲುವುದಿಲ್ಲ ಎಂದು ನರ್ಸಮ್ಮ ಹೇಳಿ ಹೋಗಿದ್ದಳು.

ಆದರೆ ಅವಳ ಎದೆಯಲ್ಲಿ ಕುದಿಯುತ್ತಿದ್ದುದು ಬ್ರೆಡ್ಡೂ ಅಲ್ಲ, ಸಕ್ಕರೆಯೂ ಅಲ್ಲ. ಅವಳ ಗಂಡನ ಒಂದು ಮಾತು.

ಹೆರಿಗೆಯಲ್ಲಿ ರಕ್ತ ನಿಲ್ಲದೆ ಹೋದಾಗ ಡಾಕ್ಟರು ಬಾಗಿಲಿಗೆ ಬಂದು, "ಇನ್ನೊಂದು ಹೆತ್ತರೆ ಈಕೆ ಉಳಿಯೋದಿಲ್ಲ, ಆಪರೇಷನ್ ಮಾಡಿಬಿಡ್ಲಾ?" ಎಂದು ಕೇಳಿದ್ದರು. ಬಾಗಿಲಲ್ಲಿ ನಿಂತಿದ್ದ ಓಂಕಾರಮೂರ್ತಿ ಅಳುತ್ತಾ, "ಮಾಡ್ಬಿಡಿ ಡಾಕ್ಟ್ರೇ, ಅವಳು ಉಳಿದ್ರೆ ಸಾಕು" ಅಂದಿದ್ದ. ಅರೆ ಎಚ್ಚರದಲ್ಲಿ ಅವಳು ಆ ಮಾತನ್ನು ಕೇಳಿಸಿಕೊಂಡು, ಇಂಥ ಗಂಡ ಸಿಕ್ಕಿದನಲ್ಲ ಎಂದು ಕಣ್ಣು ಮುಚ್ಚಿದ್ದಳು. ಮನೆಗೆ ಬಂದ ದಿನ ತೀರ್ಥಮ್ಮ ಬಾಗಿಲಲ್ಲೇ ನಿಲ್ಲಿಸಿ, "ಯಾರನ್ನ ಕೇಳಿ ಮಾಡಿಸ್ಕೊಂಡ್ಳು ಇವಳು?" ಎಂದು ಗುಡುಗಿದಳು. ಓಂಕಾರಮೂರ್ತಿ ಚಪ್ಪಲಿ ಬಿಡುತ್ತಾ, ತಲೆ ತಗ್ಗಿಸಿಕೊಂಡೇ, "ನಂಗೇನ್ ಗೊತ್ತವ್ವ, ನಾನು ಹೊರಗಿದ್ದೆ. ಅವಳೇ ಮಾಡಿಸ್ಕೊಂಡ್ಬಿಟ್ಟಿದ್ದಾಳೆ" ಅಂದುಬಿಟ್ಟ.

ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ಅವಳು ಕಾದಳು. ಅವನು ಬೆಳಗಾದರೆ ಕೊಬ್ಬರಿ ಮಂಡಿಗೆ ಹೋಗುವುದು, ಕತ್ತಲಾದ ಮೇಲೆ ಬಂದು ಉಂಡು ಮಲಗುವುದು. ಅಷ್ಟರಲ್ಲಿ ಓಬಮ್ಮ ಕೊಟ್ಟಿಗೆಯಲ್ಲಿ ಪಿಸುಗುಟ್ಟಿದಳು. ಅತ್ತೆ ತನ್ನ ತವರು ಯಗಟಿಯಲ್ಲಿ ತಮ್ಮ ಗಂಗಾಧರಯ್ಯನ ಮಗಳು ಗಿರಿಜಳನ್ನು ಮಗನಿಗೆ ತರುವ ಮಾತಾಡಿದ್ದಾಳೆ. ಕಾನೂನು ಗೀನೂನು ಯಾರು ಕೇಳುತ್ತಾರೆ, ಗುಡಿಯಲ್ಲಿ ತಾಳಿ ಕಟ್ಟಿದರಾಯಿತು. ಹೇಳದೆ ಕೇಳದೆ ಮಾಡಿಸಿಕೊಂಡು ಬಂದವಳು ಯಾವ ಮುಖ ಹೊತ್ತು ಬೇಡ ಅಂದಾಳು? ಗಂಡನ ಸುಳ್ಳು ಈಗ ಅವಳ ಮೂರು ಮಕ್ಕಳ ತಲೆಯ ಮೇಲೆ ಬಂದು ಕೂತಿತ್ತು.

ಓಬಮ್ಮ ಗಿಣ್ಣುಹಾಲು ಕರೆದು ತಂದಳು. ಅರಿಶಿನದ ಬಣ್ಣದ ಮಂದ ಹಾಲು. ತೀರ್ಥಮ್ಮ ಮೊದಲು ಒಂದು ಚೊಂಬು ವಿಮಲಮ್ಮನ ಮನೆಗೆ ಕಳಿಸಿದಳು. "ಚೊಂಬು ತೊಳೀಬೇಡಿ ಅಂತ ಹೇಳು ಮತ್ತೆ" ಎಂದು ಹಿಂದಿನಿಂದ ಕೂಗಿದಳು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಗಿಣ್ಣು ಬಂದ ಪಾತ್ರೆಯನ್ನು ತೊಳೆದು ಕಳಿಸುವಂತಿಲ್ಲ, ಬರಿದಾಗಿಯೂ ಕಳಿಸುವಂತಿಲ್ಲ. ಪಸೆ ಆರದಂತೆ ತಳಕ್ಕೆ ಒಂದಿಷ್ಟು ಬೆಲ್ಲವೋ ಅಕ್ಕಿಯೋ ಹಾಕಿ ಕೊಡಬೇಕು. ತೊಳೆದು ಕೊಟ್ಟರೆ ಎಮ್ಮೆ ಬತ್ತುತ್ತದೆ ಎಂದು ನಂಬಿಕೆ. ಬೇಕೆಂದೇ ತೊಳೆದು ಕೊಟ್ಟರೆ, ನಿಮಗೂ ನಮಗೂ ಇಲ್ಲಿಗೆ ಮುಗಿಯಿತು ಎಂದರ್ಥ. ಚೊಂಬು ಬೆಲ್ಲದ ಚೂರಿನೊಂದಿಗೆ ವಾಪಸ್ಸು ಬಂತು.

ತೀರ್ಥಮ್ಮ ಅಟ್ಟದಿಂದ ಹಿತ್ತಾಳೆಯ ಅಗಲ ಬಾಯಿಯ ದಬರಿ ಇಳಿಸಿದಳು. ಅವಳ ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆ.

"ಓಂಕಾರಿ, ಇವತ್ತು ಮಂಡಿಗೆ ಹೋಗ್ಬೇಡ. ಮಧ್ಯಾಹ್ನದ ಬಸ್ಸಿಗೆ ಕಡೂರಿಗೆ ಹೋಗಿ ಅಲ್ಲಿಂದ ಯಗಟಿಗೆ ಹೋಗು. ಗಿಣ್ಣನ್ನ ಗಿರಿಜನ ಕೈಲೇ ಕೊಡು, ತಿಳೀತಾ? ಬಾಕಿ ಮಾತು ನಿಮ್ಮಾವ ಆಡ್ತಾನೆ."

ಸೊಸೆ ಅಲ್ಲೇ ಕೂತಿದ್ದಾಳೆ ಎಂಬ ಎಗ್ಗೂ ಇಲ್ಲ. ಓಂಕಾರಮೂರ್ತಿ ಕ್ಷೌರ ಮಾಡಿಸಿಕೊಂಡು ಬರುತ್ತೇನೆ ಎಂದು ಹೊರಟುಹೋದ. ತೀರ್ಥಮ್ಮ ಮಠಕ್ಕೆ ಒಂದು ತಂಬಿಗೆ ಗಿಣ್ಣು ಒಪ್ಪಿಸಲು ಹೋದಳು.

ಮನೆ ಖಾಲಿಯಾಯಿತು. ಪಾತ್ರೆಯಲ್ಲಿದ್ದ ಹಳದಿ ಹಾಲನ್ನು ನೋಡುತ್ತಾ ನಿಂತ ಮಲ್ಲಿಕಾಂಬನಿಗೆ ತಟ್ಟನೆ ಹೊಳೆಯಿತು. ಅಯ್ಯೋ, ಗಿಣ್ಣು ತಾನಾಗಿಯೇ ಗಟ್ಟಿ ನಿಲ್ಲುತ್ತದಲ್ಲ! ಅದಕ್ಕೆ ಯಾವ ಮೊಟ್ಟೆ ಬೇಕು?

ಕೂಸನ್ನು ತೊಟ್ಟಿಲಿಗೆ ಹಾಕಿ ಸೆರಗು ಸಿಕ್ಕಿಸಿದಳು. ಎರಡೂ ಡಬ್ಬ ಇಳಿಸಿದಳು. ದಬರಿಗೆ ತುಪ್ಪ ಸವರಿ ಒಣಗಿದ ಹೋಳುಗಳನ್ನು ಒಂದರ ಮೇಲೊಂದು ಜೋಡಿಸಿದಳು. ಇದು ವಿಮಲಮ್ಮ ತಂದಿದ್ದು, ಇದು ಹಿಂದಿನ ಬೀದಿಯವರು ತಂದಿದ್ದು, ಇದು ಗಂಡುಮಗ ಇಲ್ಲದ ಮನೇಲಿ ನೀರು ಕುಡೀಬಾರ್ದು ಅಂದವಳು ತಂದಿದ್ದು. ಒಂದೊಂದನ್ನೂ ಅಂಗೈಯಿಂದ ಒತ್ತಿ ಒತ್ತಿ ಇಟ್ಟಳು. ಗಿಣ್ಣಿಗೆ ಬೆಲ್ಲ ಕದಡಿ, ಏಲಕ್ಕಿ ಕುಟ್ಟಿ ಹಾಕಿ, ಬ್ರೆಡ್ಡು ಮುಳುಗುವಷ್ಟು ಹೊಯ್ದಳು. ಉಳಿದದ್ದನ್ನು ದೊಡ್ಡ ತಪ್ಪಲೆಯಲ್ಲೂ ಹಾಗೆಯೇ ಜೋಡಿಸಿದಳು. ಕೊಬ್ಬರಿ ಮನೆಯಲ್ಲಿ ಕರಟಕ್ಕೆ ಏನು ಬರ? ಎರಡು ಒಲೆಗೂ ಕರಟ ಉರಿಸಿ ಕೆಂಡ ಮಾಡಿ, ಪಾತ್ರೆಗಳನ್ನು ಇಟ್ಟು ತಟ್ಟೆ ಮುಚ್ಚಿ, ಅದರ ಮೇಲೂ ಕೆಂಡ ಸುರಿದಳು. ಕೆಂಡ ಹಾರಿ ಮುಂಗೈ ಸುಟ್ಟಿತು. ಸುಟ್ಟರೆ ಸುಡಲಿ ಎಂದುಕೊಂಡಳು.

ಬೆಲ್ಲ ಕರಗಿ ಅಂಚಿನಲ್ಲಿ ಕೆಂಪಾದ ವಾಸನೆ ಬೀದಿಗೆ ಹೋಯಿತು. ಆಡುತ್ತಿದ್ದ ಉಮಾ, ಸುಧಾ ಓಡಿಬಂದರು. ತಪ್ಪಲೆಯ ಮುಚ್ಚಳ ತೆಗೆದರೆ ಮೇಲೆಲ್ಲ ಹೊಂಬಣ್ಣದ ಪದರ, ಚಾಕು ಇಟ್ಟರೆ ನಡುಗುವ ಮೆತ್ತನೆ ಒಳಗು. ಒಂದೊಂದು ತುಂಡು ಕೈಗಿಟ್ಟಳು.

"ಅವ್ವಾ, ಇವತ್ತು ಏನ್ ಹಬ್ಬ?" ಎಂದಳು ಉಮಾ, ಬಾಯಿ ತುಂಬಿಕೊಂಡು.

"ನಿಮ್ ತಂಗಿ ಹುಟ್ಟಿದ ಹಬ್ಬ."

"ಅವಳು ಯಾವತ್ತೋ ಹುಟ್ಟಿದ್ಳಲ್ಲ?"

"ಸಿಹಿ ಇವತ್ತು ಆಯ್ತು. ತಿನ್ನು."

ಮಠದಿಂದ ಬಂದ ತೀರ್ಥಮ್ಮ ಒಲೆಯ ಮುಂದೆ ಬಂದು ನಿಂತಳು. ಖಾಲಿ ಹಾಲಿನ ಪಾತ್ರೆ ನೋಡಿದಳು, ದಬರಿ ನೋಡಿದಳು, ಖಾಲಿ ಡಬ್ಬಗಳಲ್ಲಿ ಉಳಿದಿದ್ದ ಬ್ರೆಡ್ಡಿನ ಪುಡಿ ನೋಡಿದಳು.

"ಏನೇ ಮಾಡ್ದೆ ಮುಂಡೇದೇ! ಯಗಟಿಗೆ ಹೋಗೋ ಗಿಣ್ಣಿಗೆ ರೋಗದ ಬ್ರೆಡ್ಡು ಹಾಕಿದೀಯಾ? ನನ್ ತವರಿನ ದಬರಿಗೆ?"

"ರೋಗದ್ದಲ್ಲ ಅತ್ತೆ. ಬಾಣಂತಿ ನೋಡಕ್ಕೆ ಬಂದವ್ರು ತಂದಿದ್ದು. ನಂಗೆ ಯಾವ ರೋಗಾನೂ ಇಲ್ಲ."

"ಗಂಡನ್ನ ಕೇಳ್ದೆ ಹೊಟ್ಟೆ ಕೊಯ್ಸ್ಕೊಂಡು ಬಂದವಳು ನೀನು, ನಂಗೆ ಬುದ್ಧಿ ಹೇಳ್ತೀಯಾ?"

ಅಷ್ಟರಲ್ಲಿ ಓಂಕಾರಮೂರ್ತಿ ಬಂದ. ಬೋಳಿಸಿದ ಗಲ್ಲ ಮಿರಮಿರ ಮಿಂಚುತ್ತಿತ್ತು. ಅದನ್ನು ಕಂಡು ಮಲ್ಲಿಕಾಂಬನಿಗೆ ಇದ್ದಬದ್ದ ತಾಳ್ಮೆಯೂ ಹೋಯಿತು.

"ಬನ್ನಿ, ಸರಿಯಾದ ಹೊತ್ತಿಗೆ ಬಂದ್ರಿ. ಹೇಳಿ ನಿಮ್ಮವ್ವಂಗೆ. ಆಸ್ಪತ್ರೆ ಬಾಗಿಲಲ್ಲಿ ಡಾಕ್ಟ್ರಿಗೆ ಏನಂದ್ರಿ?"

ಅವನು ಗೋಡೆಯ ಕಡೆ ನೋಡಿದ. ತೀರ್ಥಮ್ಮ ಮಗನ ಮುಖ ನೋಡಿದಳು. "ಏನೋ ಅದು?" ಎಂದಳು. ಅವನು ಬೋಳಿಸಿದ ಗಲ್ಲ ಸವರಿಕೊಂಡ.

"ನಿಮ್ ಬಾಯಿಗೆ ಏನ್ ಬಡೀತು? ಎರಡು ತಿಂಗಳಿಂದ ಊರೆಲ್ಲ ಬಂದು ನನ್ ಮುಖಕ್ಕೆ ಉಗೀತಾ ಅವ್ರೆ, ನೀವು ಕೊಬ್ಬರಿ ಎಣಿಸ್ತಾ ಕೂತಿದ್ರಿ. ಅವ್ವನ ಮುಂದೆ ಹೇಳಕ್ಕಾಗಲ್ವಾ? ಸರಿ, ನಿಮ್ಮಾವನ ಮುಂದೆ ಹೇಳಿ." ಬಿಸಿ ದಬರಿಯನ್ನು ಟವೆಲಿನಲ್ಲಿ ಗಂಟುಕಟ್ಟಿ ಅವನ ಕೈಗೆ ತುರುಕಿದಳು. "ತಗೊಂಡೋಗಿ. ಇದು ನನ್ನ ಮೂರನೇ ಮಗಳ ಸಿಹಿ ಅಂತ ಹೇಳಿ ಕೊಡಿ. ಆಪರೇಷನ್ ಮಾಡ್ಬಿಡಿ ಅಂದಿದ್ದು ಯಾರು ಅಂತಾನೂ ಹೇಳಿ. ಹೇಳಕ್ಕೆ ಧೈರ್ಯ ಇಲ್ದಿದ್ರೆ ಅಲ್ಲೇ ತಾಳಿ ಕಟ್ಕೊಂಡು ಇದ್ಬಿಡಿ, ಈ ಬಾಗಿಲಿಗೆ ಬರ್ಬೇಡಿ."

ಬಿಸಿಗೆ ಅವನು ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ತಾಯಿಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಲಿಲ್ಲ. ಬಸ್ಸಿನ ಹಾರ್ನ್ ಕೇಳಿಸಿತು. ಹೊರಟುಹೋದ.

ಅವನು ಅಲ್ಲಿ ಏನು ಹೇಳುತ್ತಾನೋ, ಬಾಯಿ ಬಿಡುತ್ತಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಸುಮ್ಮನೆ ಕೂರಲಾರದೆ ತಪ್ಪಲೆಯಲ್ಲಿದ್ದುದನ್ನು ಕೊಯ್ದು, ಬ್ರೆಡ್ಡು ತಂದಿದ್ದ ಒಂದೊಂದು ಮನೆಗೂ ತಾನೇ ಹಂಚಲು ಹೋದಳು.

"ಗಿಣ್ಣಾ? ಬೆಳಿಗ್ಗೆ ಕೊಟ್ಟಿದ್ರಲ್ಲ" ಎಂದಳು ವಿಮಲಮ್ಮ.

"ಅದು ಎಮ್ಮೆ ಹೆತ್ತಿದ್ದಕ್ಕೆ. ಇದು ನಾನ್ ಹೆತ್ತಿದ್ದಕ್ಕೆ."

ವಿಮಲಮ್ಮ ನಗಬೇಕೋ ಬೇಡವೋ ತಿಳಿಯದೆ ತಟ್ಟೆ ಹಿಡಿದುಕೊಂಡಳು. ಒಂದು ಚೂರು ಬಾಯಿಗೆ ಹಾಕಿಕೊಂಡು, "ಎಷ್ಟ್ ಚೆನ್ನಾಗೈತೆ! ಏನ್ ಹಾಕಿದ್ಯೇ ಇದಕ್ಕೆ?" ಎಂದಳು.

"ನೀವು ಕೊಟ್ಟಿದ್ದನ್ನೇ ಹಾಕಿದೀನಿ" ಎಂದು ಹೇಳಿ ಮಲ್ಲಿಕಾಂಬ ಮುಂದಿನ ಮನೆಗೆ ಹೋದಳು.

ಸಂಜೆ ತೀರ್ಥಮ್ಮ ಜಗಲಿಯ ಮೇಲೆ ಕೂತಿದ್ದಳು. ಮಧ್ಯಾಹ್ನದಿಂದ ಒಂದು ತೊಟ್ಟು ನೀರು ಮುಟ್ಟಿರಲಿಲ್ಲ. ಮಲ್ಲಿಕಾಂಬ ಒಳಗೆ ಮಕ್ಕಳ ಬಟ್ಟೆಗಳನ್ನು ಒಂದು ಕಡೆ ಮಡಿಸಿ ಇಟ್ಟಿದ್ದಳು. ತವರಿಗೆ ಹೋಗಬೇಕಾಗಿ ಬಂದರೆ ಗಂಟು ಕಟ್ಟಿದರಾಯಿತು. ದೀಪ ಹಚ್ಚುವ ಹೊತ್ತಿಗೆ ಬಸ್ಸು ಬಂತು. ಓಂಕಾರಮೂರ್ತಿ ಬಂದು ಜಗಲಿಯ ಮೇಲೆ ಗಂಟನ್ನು ಇಟ್ಟು ಕಂಬ ಹಿಡಿದು ನಿಂತ.

ತೀರ್ಥಮ್ಮ ಅವಸರದಿಂದ ಟವೆಲು ಬಿಚ್ಚಿದಳು. "ಏನ್ ಹಾಕಿ ಕಳಿಸಿದ್ರೋ?" ಎಂದು ದಬರಿಯೊಳಗೆ ಕೈಹಾಕಿದಳು. ಬೆಲ್ಲವಿರಲಿಲ್ಲ, ಅಕ್ಕಿಯ ಒಂದು ಕಾಳೂ ಇರಲಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆ ಒಳಗೂ ಹೊರಗೂ ಥಳಥಳ ಹೊಳೆಯುತ್ತಿತ್ತು.

"ತೊಳೆದವ್ರೆ" ಎಂದಳು ತೀರ್ಥಮ್ಮ. ಮತ್ತೆ ಒಮ್ಮೆ ಬೆರಳಿನಿಂದ ತಳ ಸವರಿ ನೋಡಿದಳು. "ನನ್ ತಮ್ಮ ತೊಳೆದು ಕಳಿಸವ್ನೆ."

"ನಾನೇ ಅವ್ವ, ಆಪರೇಷನ್ ಮಾಡ್ಬಿಡಿ ಅಂದಿದ್ದು" ಎಂದ ಓಂಕಾರಮೂರ್ತಿ. "ಮಾವಂಗೆ ಎಲ್ಲಾ ಹೇಳ್ದೆ. ಗಿರಿಜನ್ನ ಬೇರೆ ಕಡೆ ಕೊಡಿ ಅಂದೆ."

ಹೊಸಿಲ ಹತ್ತಿರ ನಿಂತಿದ್ದ ಮಲ್ಲಿಕಾಂಬ ಕೇಳಿಸಿಕೊಂಡಳು. ಸಿಟ್ಟು ಇಳಿದಿರಲಿಲ್ಲ. ಇದೇ ಮಾತನ್ನು ಇದೇ ಜಗಲಿಯ ಮೇಲೆ ಎರಡು ತಿಂಗಳ ಹಿಂದೆ ಹೇಳಬಹುದಿತ್ತಲ್ಲ ಮಹಾರಾಯ! ಅವನು ಅವಳ ಮುಖ ನೋಡಿದ. ಅವಳು ನೋಡಲಿಲ್ಲ. ಅತ್ತೆಯ ಮಡಿಲಿನಿಂದ ದಬರಿಯನ್ನು ಎತ್ತಿಕೊಂಡು ಕೊಟ್ಟಿಗೆಗೆ ನಡೆದಳು.

ಓಬಮ್ಮ ಆಗತಾನೆ ಕರುವನ್ನು ಬಿಡಲು ಹೊರಟಿದ್ದಳು. ಹೊಳೆಯುವ ದಬರಿ ಕಂಡು ಹೌಹಾರಿದಳು.

"ಬ್ಯಾಡ ಕಣ್ರವ್ವಾ, ತೊಳೆದು ಬಂದಿದ್ರಲ್ಲಿ ಕರೀಬಾರ್ದು. ಎಮ್ಮೆ ಬತ್ತೋಯ್ತದೆ."

"ಸರ್ಕೋ ಅತ್ಲಾಗೆ" ಎಂದು ಮಲ್ಲಿಕಾಂಬ ಕುಕ್ಕರುಗಾಲಿನಲ್ಲಿ ಕೂತಳು. ಕರು ಎರಡು ಸಲ ಗುದ್ದಿತು. ಎಮ್ಮೆ ತಲೆ ತಿರುಗಿಸಿ ಅವಳನ್ನು ನೋಡಿತು, ಮೂಸಿತು, ಆಮೇಲೆ ಸೊರೆ ಬಿಟ್ಟಿತು. ಬರಿದಾದ ಹಿತ್ತಾಳೆಯ ತಳಕ್ಕೆ ಹಳದಿ ಹಾಲಿನ ಮೊದಲ ಧಾರೆ ಚರ್ರನೆ ಬಿತ್ತು.