ಕೋಟಿನ ಬೆನ್ನು

ಆ ಕೋಟು ಎಲ್ಲಿ ಹಾಳಾಗಿ ಹೋಯ್ತೋ — ಮಗ ಒಳಕೋಣೆಯಲ್ಲಿ ಟ್ರಂಕಿನೊಳಗೆ ತಲೆ ತೂರಿಸಿ ಕೇಳುತ್ತಿದ್ದಾನೆ, ಟ್ರಂಕು ಏನು ಹೇಳೀತು, ಪ್ರಾರ್ಥನೆಗೆ ಕೂತ ತಾಯಿ ಕಣ್ಣು ತೆರೆಯದೆ ಮುಂದಿನ ಸಾಲಿಗೆ ತಡಕಾಡಿದಳು, ಸಾಲು ಬರಲಿಲ್ಲ, ಕೋಟೇ ಬಂತು, ಮಂಡಿ ಮುಟ್ಟುವ ಹಸಿರು ಉಣ್ಣೆಯದು, ಸೈನ್ಯ ಬಿಟ್ಟು ಬಂದ ದಿನ ಅದರೊಳಗೆ ಗಂಡ ಯಾರದೋ ಬಟ್ಟೆ ತೊಟ್ಟ ಹುಡುಗನಂತೆ ಕಂಡಿದ್ದರು, ಗಡಿಯನ್ನೇ ನೋಡದೆ ವರ್ಷಗಟ್ಟಲೆ ಗೋದಾಮಿನ ಬಾಗಿಲು ಕಾದವರು, ನೆಂಟರು ಬಿಡಬೇಕಲ್ಲ, ಎಷ್ಟು ಜನರನ್ನ ಹೊಡೆದ್ರಿ ಭಾವ, ಸೊಳ್ಳೆ ಲೆಕ್ಕ ಇಟ್ಟಿಲ್ಲಪ್ಪ — ಆ ಚಳಿಯಲ್ಲಿ ಇದೇ ಮಗನಿಗೆ ಕೆಮ್ಮು, ಬಿಟ್ಟೂಬಿಡದ ಕೆಮ್ಮು, ಕತ್ತರಿ ತಂದುಕೊಟ್ಟವರು ಅವರೇ, ಕತ್ತರಿಸೇ, ಇನ್ನು ನನ್ನನ್ನ ಯಾರೂ ಕರೆಯಲ್ಲ, ಹೊಲಿಗೆ ಯಂತ್ರದ ಮುಂದೆ ಕೂತ ನಾದಿನಿಗೆ ಕೈ ಬಾರದು, ಅಣ್ಣಾ, ಸರ್ಕಾರದ ಬಟ್ಟೆ, ಹಿಡ್ಕೊಂಡು ಹೋದಾರು, ಹೋಗ್ಲಿ ಬಿಡು, ಅಲ್ಲೂ ಬಾಗಿಲೇ ತಾನೇ — ಎದೆ ಭಾಗ ಮಗನಿಗೆ ಅಂಗಿಯಾಯಿತು, ತೋಳು ಮಗಳ ಶಾಲೆಯ ಚೀಲ, ಕಾಲರು ಒಲೆಯ ಮೇಲಿನ ಪಾತ್ರೆ ಇಳಿಸಿ ಇಳಿಸಿಯೇ ಸವೆದುಹೋಯಿತು, ಉಳಿದದ್ದು ಬೆನ್ನು, ಗಂಡ ಹಾಸಿಗೆ ಹಿಡಿದಾಗ ಅವರ ಮೈಯಡಿಗೆ ಅದನ್ನೇ ಮಡಚಿ ಹಾಕಿದ್ದಳು, ಆಗಲೂ ಕಣ್ಣು ಬಾಗಿಲ ಮೇಲೆಯೇ, ಮಲಗಿ ಅಂದ್ರೆ, ಹ್ಯಾಗೆ ಮಲಗಲಿ, ಪಾಳಿ ಬದಲಾಯಿಸೋನು ಬಂದಿಲ್ಲ ಕಣೇ, ಎಷ್ಟು ದಿನ ಆ ಮಾತು, ಕೊನೆಗೆ ಬೇಸತ್ತು ಬಾಗಿಲಲ್ಲಿ ನಿಂತು ಹೇಳಿದಳು, ನಾನು ಬಂದಿದೀನಿ, ನೀವಿನ್ನು ಹೊರಡಿ, ಅವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಸಮಾಧಾನವಾಯಿತೋ ಏನೋ, ಕಣ್ಣು ಮುಚ್ಚಿದರು, ಮತ್ತೆ ತೆರೆಯಲಿಲ್ಲ — ಅಯ್ಯೋ ಅಮ್ಮಾ, ಅದರ ಮೇಲೇ ಕೂತಿದೀಯಲ್ಲ, ಮಗ ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದಾನೆ, ತಲೆಯಲ್ಲಿ ಟ್ರಂಕಿನ ಧೂಳು, ಇವನ ತಲೆಯೂ ನೆರೆಯಿತಲ್ಲ, ಲೈಬ್ರರಿಯವರು ಊರಿನ ಸೈನಿಕರ ಸಾಮಾನೆಲ್ಲ ಜೋಡಿಸ್ತಿದಾರೆ, ಎಲ್ಲರ ಮನೆಯಿಂದಲೂ ಪದಕ ಬಂದಿದೆ, ನಮ್ಮಪ್ಪಂದು ಅಂತ ಒಂದೂ ಇಲ್ಲ, ಅಪ್ಪ ಇದ್ದದ್ದೇ ಸುಳ್ಳು ಅನ್ನೋ ಹಾಗೆ, ಅವನು ಹೇಳುವುದೂ ನಿಜ, ಪಾಪ, ಈ ಚೂರಾದರೂ ಕೊಡಮ್ಮ, ಹೆಸರು ಬರೆದು ಬಾಗಿಲ ಪಕ್ಕದಲ್ಲೇ ನಿಲ್ಲಿಸ್ತಾರಂತೆ, ಗಾಜಿನೊಳಗೆ, ನೇರವಾಗಿ, ಹಗಲೂ ರಾತ್ರಿ ದೀಪ ಇರುತ್ತಂತೆ — ಅವಳು ಸೆರಗು ಸರಿಮಾಡಿಕೊಂಡು ಇನ್ನಷ್ಟು ಒತ್ತಿ ಕೂತಳು. ಕೊಡಲ್ಲ ಕಣೋ, ಅವರ ಪಾಳಿ ಮುಗೀತು.