ಕೋಟಿನೊಳಗಿನ ಉಬ್ಬು

“ಸಾವಿನ ಮನೇಲಿ ಗೊಂಬೆ ಜೋಡಿಸ್ತಾರೇನೇ? ತೆಗಿಯೇ ಅದನ್ನ!” ಎಂದು ಅತ್ತೆ ಗದರಿದರೂ ತಂಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕನ ಶವಪೆಟ್ಟಿಗೆಯ ತಲೆದೆಸೆಯಲ್ಲಿದ್ದ ಮೇಜಿನ ಮೇಲೆ ಗೇಣುದ್ದದ ಮರದ ಗೊಂಬೆಯನ್ನು ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದಳು.

ಅರ್ಧ ಇಳಿದ ರೆಪ್ಪೆ, ಒಂದೇ ಕಡೆಗೆ ಎಳೆದ ನಗು, ಉಬ್ಬಿದ ಕೋಟು, ಅದರ ಕೆಳಗಿಂದ ಇಣುಕುವ ಬಟ್ಟೆ ಥಾನಿನ ತುದಿ. ಬೀದಿಯ ಅರ್ಧ ಮನೆಗಳಲ್ಲಿ ಇವನ ಒಡಹುಟ್ಟುಗಳಿದ್ದವು. ಸಂತೆಯಲ್ಲಿ ಅಕ್ಕ ಮಾರಿದ್ದೇ ಇವನನ್ನು.

“ಯಾರಂತೆ ಇವನು?” ಎಂದು ಬಂದವರೊಬ್ಬರು ಪಿಸುಗುಟ್ಟಿದರು.

“ಯಾರೋ ಪುಣ್ಯಾತ್ಮ” ಎಂದ ಬಡಗಿ ತಾತ, ಕೆಮ್ಮಿನಲ್ಲಿ ನಗು ನುಂಗುತ್ತ.

*

ಅಕ್ಕ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುತ್ತಿದ್ದವಳು. ಪಾಲುದಾರನ ಕಣ್ಣು ತಪ್ಪಿಸಿ ಥಾನು ಸಾಗಿಸುತ್ತಿದ್ದವನು ಅಂಗಡಿಯ ಯಜಮಾನ. ಅಕ್ಕ ಅದನ್ನು ಕಣ್ಣಾರೆ ಕಂಡಿದ್ದಳು. ಬಟ್ಟೆ ಕಡಿಮೆಯಾದದ್ದು ಪಾಲುದಾರನಿಗೆ ಗೊತ್ತಾದಾಗ ಯಜಮಾನ ಬೊಟ್ಟು ಮಾಡಿದ್ದು ಅವಳ ಕಡೆಗೇ. ಎಲ್ಲರೆದುರು ಚೀಲ ಕೊಡವಿಸಿದ. ಊಟದ ಡಬ್ಬಿ ಬಿತ್ತು, ಬಾಚಣಿಗೆ ಬಿತ್ತು, ಥಾನು ಬೀಳಲಿಲ್ಲ. ಕಳ್ಳಿ ಎಂಬ ಹೆಸರಂತೂ ಅಂಟಿತು. ಮತ್ತೆ ಯಾವ ಅಂಗಡಿಯೂ ಅವಳ ಕೈಗೆ ಸೂಜಿ ಕೊಡಲಿಲ್ಲ.

ಬಡಗಿ ತಾತನ ಬಳಿ ಮರದ ತುಂಡು ಕೇಳಿ ತಂದು ಯಜಮಾನನ ಗೊಂಬೆ ಕೆತ್ತಲು ಕೂತಳು. ಮೊದಮೊದಲು ಕೆತ್ತಿದವಕ್ಕೆಲ್ಲ ಕೋರೆಹಲ್ಲು.

“ಬರೀ ನಿನ್ನ ಸಿಟ್ಟು ಕೆತ್ತಿದ್ದೀಯಮ್ಮ” ಎಂದ ತಾತ. “ ರಾಕ್ಷಸನ್ನ ಕಂಡ್ರೆ ಜನ ಹೆದರ್ತಾರೆ, ನಗಲ್ಲ. ಸುಳ್ಳು ಹೇಳೋವಾಗ ಅವನ ಮುಖ ಹೆಂಗಿತ್ತು? ಅದನ್ನ ಹಿಡಿ.”

ಅಂದಿನಿಂದ ಅಕ್ಕ ಕನ್ನಡಿಯ ಮುಂದೆ ಕೂತು ಯಜಮಾನನ ನಗು ನಗುವಳು. ತನ್ನದೇ ಕೆನ್ನೆಯ ಮಡಿಕೆಯನ್ನು ಬೆರಳಲ್ಲಿ ತಡವಿ, ಅಷ್ಟೇ ಆಳಕ್ಕೆ ಚಾಕು ಇಳಿಸುವಳು.

“ಸಾಕು ಬಿಡೇ ಅಕ್ಕ, ಅವನೇ ಮನೇಲಿ ಕೂತಂಗಿದೆ!”

“ಕೂತ್ಕೊಳ್ಳಿ, ಬಾಡಿಗೆ ವಸೂಲಿ ಮಾಡ್ತೀನಿ. ‘ನನ್ನ ಗೊಂಬೆ ಯಾಕೆ ಮಾಡ್ದೆ’ ಅಂತ ಒಂದು ದಿನ ಬಂದು ಕೇಳ್ಲಿ. ಅವನ ಬಾಯಿಂದ್ಲೇ ಬರ್ಬೇಕು ಕಣೇ. ಆವತ್ತು ನನ್ನ ಹೆಸರು ನನಗೆ ವಾಪಸ್ಸು.”

ಅವನು ಕೇಳಲಿಲ್ಲ. ಓಡಾಡುವ ಬೀದಿ ಬದಲಿಸಿದ, ಅಷ್ಟೆ. ಕಾದು ಕಾದು ಅಕ್ಕನೇ ಹೋಗಿಬಿಟ್ಟಳು.

*

ಯಜಮಾನ ಹೂಗುಚ್ಛ ಹಿಡಿದು ಬಂದ. ಸತ್ತವಳು ಇನ್ನೇನು ಮಾಡಿಯಾಳು ಎಂಬ ಧೈರ್ಯ, ನಾಲ್ಕು ಜನರ ಮುಂದೆ ದೊಡ್ಡಸ್ತಿಕೆ ತೋರುವ ಆಸೆ. ಪೆಟ್ಟಿಗೆಯ ಒಂದು ಮೂಲೆಗೆ ಭುಜ ಕೊಡಲು ಬಗ್ಗಿದವನಿಗೆ ಗೊಂಬೆ ಎದುರಾಯಿತು. ಹಿಂದೆ ಯಾರೋ ಕಿಸಕ್ಕೆಂದರು.

“ಇದೇನಮ್ಮ ಇದು? ಸತ್ತ ಮೇಲೂ ನನ್ನ ಮಾನ ಕಳೀಬೇಕಾ?”

ತಂಗಿ ಗೊಂಬೆಯನ್ನು ಕೈಗೆತ್ತಿಕೊಂಡಳು.

“ಇದು ನೀವಾ ಸಾರ್?” ತಂಗಿಯ ದನಿ ಬೆಣ್ಣೆಯಂತಿತ್ತು.

“ಮತ್ತಿನ್ಯಾರು? ಊರಿಗೇ ಗೊತ್ತು!”

“ಹಾಗಿದ್ರೆ ಕೋಟಿನೊಳಗೆ ಇಟ್ಕೊಂಡು ಹೋಗ್ತಿರೋದೂ ನೀವೇ ಅಲ್ವಾ?”

ಅತ್ತೆಯೇ ಜನರತ್ತ ತಿರುಗಿದರು: “ಕುಂಬಳಕಾಯಿ ಕಳ್ಳ ಅಂತ ಇಲ್ಲಿ ಯಾರೂ ಅನ್ಲೇ ಇಲ್ಲ. ಇವನೇ ಹೆಗಲು ಮುಟ್ಟಿ ನೋಡ್ಕೊಂಡ!”

ತಂಗಿ ಗೊಂಬೆಯನ್ನು ಅವನ ಕೈಗಿಟ್ಟಳು. “ತಗೊಳ್ಳಿ, ನಿಮ್ದೇ. ಈಗ ಆಚೆ ಸರೀರಿ. ನಮ್ಮಕ್ಕನ್ನ ಹೊರೋಕೆ ಕಳ್ಳರು ಬೇಡ.”

ಆ ಮೂಲೆಗೆ ತಾನೇ ಹೆಗಲು ಕೊಟ್ಟಳು. ಪೆಟ್ಟಿಗೆ ಹೊಸ್ತಿಲು ದಾಟಿತು, ಹಿಂದೆಯೇ ಜನವೂ ದಾಟಿತು. ಅಂಗಳದ ಗೇಟಿನಲ್ಲಿ ಅವಳು ಒಮ್ಮೆ ಹಿಂದಿರುಗಿ ನೋಡಿದಳು. ತೆರೆದ ಬಾಗಿಲೊಳಗೆ, ಖಾಲಿ ಕುರ್ಚಿಗಳ ನಡುವೆ, ಯಜಮಾನ ಗೊಂಬೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೋಟಿನ ಉಬ್ಬನ್ನು ಹೆಬ್ಬೆರಳ ಉಗುರಿನಿಂದ ಕೆರೆಯುತ್ತಿದ್ದ.